ಗಿಡ ಬಿಟ್ರು

ಅಮೀನಗಡದಲ್ಲಿ ಬಸ್ಸು ನಿಂತರೆ ಇಳಿದ ಮಂದಿ ಎರಡು ದಿಕ್ಕಿಗೆ ಓಡುತ್ತಿದ್ದರು. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದವರು ಕರದಂಟಿನ ಅಂಗಡಿಗೆ, ಹೊಟ್ಟೆ ಹಸಿದವರು ಅಕ್ಕನ ಖಾನಾವಳಿಗೆ. ಎರಡೂ ಕಡೆ ಹೋಗಿಬರುವಷ್ಟು ಹೊತ್ತನ್ನು ಡ್ರೈವರ್ ಕೊಡುತ್ತಿರಲಿಲ್ಲ. ಆದರೆ ಡ್ರೈವರನೇ ಅಕ್ಕನ ಮುಂದೆ ಉಣ್ಣಲು ಕೂತನೆಂದರೆ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಇದನ್ನು ತಿಳಿದವರು ಅವನ ಮಗ್ಗುಲಲ್ಲೇ ಜಾಗ ಹಿಡಿದು ನಿಶ್ಚಿಂತೆಯಿಂದ ಉಣ್ಣುತ್ತಿದ್ದರು. ಈ ಉಪಾಯ ಮೊದಲು ಕಂಡುಹಿಡಿದವನು ನಾನೇ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಆ ಅಕ್ಕ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಸಣ್ಣವರು, ದೊಡ್ಡವರು, ಆಕೆಗಿಂತ ಹಿರಿಯರು ಕೂಡ ಆಕೆಯನ್ನು ಕರೆದದ್ದು ಅಕ್ಕ ಎಂದೇ. ಹೆಸರು ಬರೆದರೆ ಊರಿನವರಿಗೇ ಗುರುತು ಸಿಗಲಿಕ್ಕಿಲ್ಲ, ಆದ್ದರಿಂದ ಬರೆಯುವುದಿಲ್ಲ. ಆಕೆಯ ಒಳ್ಳೆಯತನದ ಬಗ್ಗೆ ಹೇಳುವವರು ಬಹಳ ಇದ್ದಾರೆ, ಹೇಳಲಿ. ನಾನು ಹೇಳಬೇಕಾದ್ದು ಬೇರೆ ಇದೆ. ರಸ್ತೆಯ ಮೇಲೆ ಅಡ್ಡ ಬಿದ್ದಿದ್ದ ಆಕೆಯನ್ನು ಎಬ್ಬಿಸಿದವನು ನಾನು. ಇದೇನೂ ಗುಟ್ಟಲ್ಲ. ಹುನಗುಂದದಿಂದ ಬಾಗಲಕೋಟೆಯ ತನಕ ಯಾರನ್ನು ಕೇಳಿದರೂ ಹೇಳುತ್ತಾರೆ, ಕೆಲವರು ಮೆಚ್ಚಿಯೇ ಹೇಳುತ್ತಾರೆ. ಮೆಚ್ಚಿ ಹೇಳುವವರ ಎದುರು ಕೂಡುವುದು ನನ್ನಿಂದ ಆಗುವುದಿಲ್ಲ.

ನನ್ನದು ಹುಣಸೆಹಣ್ಣಿನ ವ್ಯಾಪಾರ. ಶುರು ಮಾಡಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ದೊಡ್ಡ ರಸ್ತೆಯ ಎರಡೂ ಬದಿಗೆ ಹುಣಸೆ, ನಡುನಡುವೆ ಬೇವು, ಮೇಲೆ ಕೊಂಬೆಗೆ ಕೊಂಬೆ ಕೂಡಿ ಚಪ್ಪರ ಹಾಕಿದ ಹಾಗಿತ್ತು. ವರ್ಷಕ್ಕೊಮ್ಮೆ ಆ ಗಿಡಗಳ ಫಲವನ್ನು ಸರಕಾರದವರು ಲಿಲಾವು ಮಾಡುತ್ತಿದ್ದರು. ಮರ ಎಂಬ ಮಾತು ನಮ್ಮ ಕಡೆ ಬಳಕೆ ಕಡಿಮೆ, ಎಷ್ಟು ದೊಡ್ಡದಾದರೂ ಅದು ಗಿಡವೇ. ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಆ ವರ್ಷದ ಕಾಯಿ. ಅಪ್ಪ ನನಗೆ ಬಿಟ್ಟು ಹೋದ ಆಸ್ತಿ ಎಂದರೆ ಒಂದು ಸೈಕಲ್ಲು, ಒಂದು ದೊಡ್ಡ ಗಂಟಲು. ಗಂಟಲಿನಿಂದ ಸವಾಲು ಹಿಡಿದೆ, ಸೈಕಲ್ಲಿನಿಂದ ಹಣ್ಣು ಸಾಗಿಸಿದೆ. ಕೈಯಲ್ಲಿ ಏನೂ ಇಲ್ಲ ಎಂದು ಕೂತ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಮೊದಲು ಗಂಟಲು ನೋಡಿಕೊಳ್ಳಿರಿ, ಉಳಿದದ್ದು ಆಮೇಲೆ ಬರುತ್ತದೆ.

ಮೊದಲ ದಿನ ಅಕ್ಕನ ಖಾನಾವಳಿಗೆ ಹೋದಾಗ ಕೂಡುವ ಮೊದಲೇ ಬಾಯಿ ತೆಗೆದೆ.

"ಅಕ್ಕಾರ, ರೊಟ್ಟಿಗೆ ಏನ ರೇಟು?"

"ರೊಟ್ಟಿಗೆ ರೇಟಿಲ್ಲ. ಊಟಕ್ಕ ಐತಿ."

"ಹಂಗಂದ್ರ ಎರಡ ತಿಂದ್ರೂ ಅಷ್ಟ, ಆರು ತಿಂದ್ರೂ ಅಷ್ಟನ? ನಾ ಎರಡ ತಿನ್ನಾಂವ. ನನಗ ಲುಕ್ಸಾನ ಅಲ್ರಿ?"

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಮುಖವೆತ್ತಿ ನೋಡಿದಳು. "ಹಂಗಾರ ಆರು ತಿನ್ನು. ಲುಕ್ಸಾನ ನನಗ ಆಗ್ಲಿ. ಕೂಡು."

ಆರು ತಿಂದೆ. ಅವತ್ತಿನಿಂದ ಆಕೆಗೆ ನಾನು 'ತಮ್ಮಾ', ಸಿಟ್ಟು ಬಂದಾಗ 'ಸಾವ್ಕಾರ'.

ಎತ್ತರದ ಹೆಂಗಸು. ಗಂಡ ತೀರಿಕೊಂಡ ವರ್ಷವೇ ಒಲೆ ಹೂಡಿದವಳು. ಬಳೆ ಇಲ್ಲದ ಕೈಯಿಂದ ರೊಟ್ಟಿ ಬಡಿಯುವಾಗ ಸಪ್ಪಳವೇ ಬೇರೆ ಕೇಳುತ್ತಿತ್ತು. ಯಾರೋ ಪಾಪ ಎಂದು ಮುಖ ಸಣ್ಣ ಮಾಡಿದರೆ, "ಬಳಿ ಇಲ್ಲದಕ್ಕ ನನ್ನ ರೊಟ್ಟಿ ತೆಳ್ಳಗ ಆಗತಾವ. ಉಣ್ಣು, ಅಳಬ್ಯಾಡ" ಎನ್ನುತ್ತಿದ್ದಳು. ಎಣಿಸುವುದು ಮಾತ್ರ ಆಕೆಗೆ ಆಗದು. ರೊಟ್ಟಿಯನ್ನೂ ಎಣಿಸಳು, ಬಂದ ಮಂದಿಯನ್ನೂ ಎಣಿಸಳು. "ಎಣಿಸಿ ಹಾಕಿದ್ರ ಉಣ್ಣಾಂವ ಅಂಜಿ ಅರ್ಧಕ್ಕ ಏಳತಾನ" ಎಂಬುದು ಆಕೆಯ ತರ್ಕ. ನನ್ನಿಂದ ಹುಣಸೆಹಣ್ಣು ಕೊಳ್ಳುವಾಗಲೂ ಹಾಗೆಯೇ, ತಕ್ಕಡಿಯ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ವ್ಯಾಪಾರಸ್ಥನಾಗಿ ಹೇಳುತ್ತೇನೆ, ಇದು ಕೆಟ್ಟ ಚಾಳಿ, ಹೊಸದಾಗಿ ಅಂಗಡಿ ಹಾಕುವವರು ಕಲಿಯಬಾರದು. ಆದರೆ ಆಕೆಗೆ ತೂಕದಲ್ಲಿ ಮೋಸ ಮಾಡಲು ನನ್ನಿಂದ ಆಗಲಿಲ್ಲ ಎಂಬುದೂ ಖರೆ.

ಉಂಡವರು ಹುಣಸೆ ಗಿಡದ ಬುಡಕ್ಕೇ ಹೋಗಿ ಕೈ ತೊಳೆಯಬೇಕೆಂದು ಆಕೆಯ ಕಟ್ಟಳೆ ಇತ್ತು. ಒಮ್ಮೆ ಜೀಪಿನಲ್ಲಿ ಬಂದ ಸಾಹೇಬನೊಬ್ಬ ಕಟ್ಟೆಯ ಮೇಲೆಯೇ ಕೈಗೆ ನೀರು ಸುರಿದುಕೊಳ್ಳಲು ಹೋದ.

"ಸಾಹೇಬ್ರ, ನೀವು ಉಂಡ್ರಿ. ನೆರಳು ಕೊಟ್ಟಾಕಿ ಇನ್ನೂ ಉಪವಾಸ ಅದಾಳ. ಅತ್ತಾಗ ಬರ್ರಿ."

ಸಾಹೇಬ ಎಂಜಲ ಕೈ ಎತ್ತಿ ಹಿಡಿದುಕೊಂಡು ಗಿಡದ ಕಡೆ ನಡೆದ. ಜೀಪಿನ ಡ್ರೈವರ್ ನಗು ತಡೆಯಲಾರದೆ ಬೀಡಿ ಹಚ್ಚಿದ.

ಎಂಬತ್ತರ ದಶಕ ಹುಟ್ಟಿದ ಮೇಲೆ ರಸ್ತೆಯಲ್ಲಿ ಲಾರಿಗಳು ಹೆಚ್ಚಾದವು. ಒಂದು ಬೇಸಿಗೆಯಲ್ಲಿ ನಾಲ್ಕಾರು ಆಳುಗಳು ಬಣ್ಣದ ಡಬ್ಬಿ ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಬಂದರು. ರಾತ್ರಿ ಓಡಿಸುವವರಿಗೆ ಕಾಣಲೆಂದು ಗಿಡಗಳಿಗೆ ಬಿಳಿ-ಕೆಂಪು ಪಟ್ಟೆ ಬಳಿಯುವುದು ಮೊದಲಿನಿಂದ ಇತ್ತು. ಈ ಸಲವೂ ಅದೇ ಎಂದುಕೊಂಡ ಅಕ್ಕ, "ನಮ್ಮ ಗಿಡಗೋಳಿಗೆ ಸಿಂಗಾರ ಮಾಡಾಕ ಬಂದಾರ" ಎಂದು ಆ ಆಳುಗಳನ್ನು ಕರೆದು ಕೂಡಿಸಿ ಮಜ್ಜಿಗೆ ಕೊಟ್ಟಳು, ಊಟ ಹಾಕಿದಳು. ಉಂಡು ಮುಗಿಸಿದ ಮೇಲೆ ಅವರಲ್ಲೊಬ್ಬ ಮುದುಕ ತಲೆ ತಗ್ಗಿಸಿ ಹೇಳಿದ: "ಯವ್ವಾ, ಇದು ಸಿಂಗಾರದ ಬಣ್ಣ ಅಲ್ಲ. ಕಡಿಯೋ ಗುರುತು."

ರಸ್ತೆ ಅಗಲ ಮಾಡುವವರಿದ್ದರು. ಎರಡೂ ಬದಿಯ ಸಾಲು ಹೋಗುವುದಿತ್ತು.

ಅವತ್ತು ಮಧ್ಯಾಹ್ನ ನಾನು ಹೋದಾಗ ಆಕೆ ಹೊರಗೆ ನಿಂತು ಮೇಲೆ ನೋಡುತ್ತಿದ್ದಳು. "ತಮ್ಮಾ, ಇವು ಹೋದ್ರ ಬಿಸಿಲಿಗೆ ಅಡ್ಡ ನಿಲ್ಲಾವ್ರು ಯಾರು? ಬಿಸಿಲು ಬರೇ ರಸ್ತಾದ ಮ್ಯಾಲ ಬಿದ್ದು ಸುಮ್ಮನ ಇರತೈತೇನು? ಮನಿಯೊಳಗ ಬರತೈತಿ. ಮಳಿಗೂ ದಾರಿ ತಪ್ಪತೈತಿ." ಈಗ ಇದನ್ನು ಪೇಪರಿನವರು ಬರೆಯುತ್ತಾರೆ. ಆಗ ನಾನು ನಕ್ಕು, ಮಳೆಗೇನು ರಸ್ತೆ ಬೇಕೇ ಎಂದೆ.

ಅಕ್ಕ ನನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಊರಿಗೆ ಇನ್ನೂ ನೆನಪಿದೆ. ಕಡಿಯುವವರು ಬರುವ ದಿನ ಬೆಳಿಗ್ಗೆ ಒಲೆಯ ಮೂರು ಕಲ್ಲು ಎತ್ತಿಕೊಂಡು ಹೋಗಿ ರಸ್ತೆಯ ನಟ್ಟನಡುವೆ ಇಟ್ಟಳು. ಕಟ್ಟಿಗೆ ಒಟ್ಟಿ, ಹಂಚು ಏರಿಸಿ, ಜೋಳದ ಹಿಟ್ಟು ನಾದಲು ಕೂತಳು. ಈ ಕಡೆ ಬಸ್ಸು ನಿಂತಿತು, ಆ ಕಡೆ ಲಾರಿ ನಿಂತಿತು, ಅವುಗಳ ಹಿಂದೆ ಚಕ್ಕಡಿಗಳು ನಿಂತವು.

"ಏ ಅಕ್ಕಾ, ಹುಚ್ಚ ಹಿಡದೈತೇನು? ದಾರಿ ಬಿಡು!" ಎಂದು ಲಾರಿಯವ ಕೂಗಿದ.

"ಹಸಿವಾಗೇತೇನು? ಇಳದ ಬಾ."

ಇಳಿದು ಬಂದ. ಎಲ್ಲರೂ ಬಂದರು. ತಡೆಸಿಕೊಂಡವರಿಗೆ ಊಟ ಹಾಕುವುದು ತಡೆದವರ ಕೆಲಸ ಎಂಬುದು ಆಕೆಯ ಧರ್ಮ. ಝುಣಕ ತೀರಿದ ಮೇಲೆ ಶೇಂಗಾ ಹಿಂಡಿ, ಅದೂ ತೀರಿದ ಮೇಲೆ ಉಳ್ಳಾಗಡ್ಡಿ. ಒಬ್ಬರನ್ನೂ ಬಿಡಿಗಾಸು ಕೇಳಲಿಲ್ಲ. ಉಣ್ಣುತ್ತಾ ಜನ ತಲೆಯೆತ್ತಿ ಗಿಡ ನೋಡಿದರು, ಕೆಂಪು ಗುರುತು ನೋಡಿದರು. "ಇಷ್ಟು ಛಂದ ಗಿಡ ಕಡೀತಾರಂತಲ್ಲ" ಎಂದರು. ಬಸ್ಸಿನಲ್ಲಿ ಕೂತು ಎಷ್ಟೋ ಸಲ ಹಾದು ಹೋದವರು ಅವರು. ಕಡಿಯಲು ಬಂದವರು ಕೊಡಲಿ ಹೆಗಲಿಗೆ ಹಾಕಿಕೊಂಡು ತಿರುಗಿ ಹೋದರು. ನನಗೂ ಇದೊಂದು ಒಳ್ಳೆಯ ಆಟ ಅನ್ನಿಸಿತು.

ಮರುದಿನ ಮತ್ತೆ ಅಲ್ಲೇ ಒಲೆ ಹೂಡಿದಳು, ಆಟ ಕೆಟ್ಟಿತು. ನಿಂತ ಬಸ್ಸುಗಳಲ್ಲಿ ಒಂದರಲ್ಲಿ ಗುಡೂರಿನ ನಿಬ್ಬಣ ಇತ್ತು. ಮದುಮಗಳನ್ನು ಕರೆದುಕೊಂಡು ಬಾಗಲಕೋಟೆಗೆ ಹೊರಟ ಹೆಣ್ಣಿನ ಕಡೆಯವರು. ಬಸ್ಸು ಬಹಳ ಹಿಂದೆ ಸಿಕ್ಕಿಕೊಂಡಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಉರಿಯುವ ಕಟ್ಟಿಗೆಯನ್ನು ಕೈಯಿಂದಲೇ ಎಳೆದು ಬಿಸಾಕಿ ದಾರಿ ಬಿಡಿಸಿದಳು. ಅಷ್ಟರಲ್ಲಿ ಹೊತ್ತು ಮೀರಿತ್ತು. ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ಮುಹೂರ್ತ ತಪ್ಪಿ, ಬೀಗರು ಮುಖ ತಿರುವಿ, ಸಂಜೆ ಹೇಗೋ ಮದುವೆ ಮುಗಿಯಿತಂತೆ. ಆದರೆ ಅತ್ತೆಯ ಮನೆಯಲ್ಲಿ ಆ ಹುಡುಗಿಗೆ 'ಹೊತ್ತು ತಪ್ಪಿ ಬಂದಾಕಿ' ಎಂಬ ಮಾತು ಅಂಟಿಕೊಂಡಿತು.

ಜನರ ನಾಲಿಗೆ ಒಂದೇ ದಿನದಲ್ಲಿ ತಿರುಗಿತು. ಗಂಡ ಇಲ್ಲದಾಕೆ ಮದುವೆಯ ನಿಬ್ಬಣ ತಡೆದಳು ಎಂದರು. ಆಕೆಯ ರೊಟ್ಟಿ ತಿಂದ ಬಾಯಿಗಳೇ ಎಂದವು. ಆ ಹಾಳು ಗಿಡ ಕಡಿದು ಹೋಗಲಿ, ಊರಿಗೆ ಬಂದ ಅಪಶಕುನ ಹೋಗುತ್ತದೆ ಎಂದವರೂ ಇದ್ದರು. ಅಲ್ಲಿಯ ತನಕ ಗಿಡದ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ನಾನು ಬುದ್ಧಿ ಹೇಳಲು ಹೋದೆ. ನನ್ನ ಹುಟ್ಟುಗುಣ ಅದು.

"ಅಕ್ಕಾ, ಕೇಳೋದು ಬ್ಯಾರೆ, ಕುತ್ತಿಗಿ ಹಿಡಿಯೋದು ಬ್ಯಾರೆ. ರಸ್ತಾ ಕಟ್ಟಿದ್ರ ರಸ್ತಾ ಮ್ಯಾಲಿನ ಮಂದಿ ವೈರಿ ಆಗತಾರ. ಅವರಿಗೂ ಗಿಡಕ್ಕೂ ಏನ ಜಗಳ ಇತ್ತು?"

"ಜಗಳ ಇಲ್ಲ ಅಂತನ ಸುಮ್ಮ ಇದ್ರು. ಹೊಂಟ ಬಸ್ಸಿನ್ಯಾಗ ಕುಂತಾವರಿಗೆ ಗಿಡ ಕಾಣತಾವೇನು? ನಿಂದ್ರಿಸಿದ ಮ್ಯಾಲ ಕಂಡ್ವು."

"ಕಂಡು ಏನಾತು? ಬೈಯಾಕತ್ತಾರ."

"ಬೈಲಿ." ಸುಟ್ಟ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಎಲ್ಲಾರಿಗೂ ರೊಟ್ಟಿ ಬಡದು ಕೊಟ್ಟೆ ತಮ್ಮಾ. ಆ ಹುಡುಗಿಗೆ ಅಕ್ಕಿಕಾಳಿನ ಹೊತ್ತು ಬಡದು ಕೊಡಾಕ ಬರಲಿಲ್ಲ."

ನನ್ನ ಮಾತಿಗೆ ಒಪ್ಪಿ ಕಚೇರಿಗಳಿಗೆ ಬಂದಳು. ಹುನಗುಂದಕ್ಕೆ ಹೋದೆವು, ಬಾಗಲಕೋಟೆಗೆ ಹೋದೆವು. ಅರ್ಜಿ ಒಳಗೆ ಹೋಯಿತು, ನಾವು ಹೊರಗೆ ಬಂದೆವು. ಪ್ರತಿ ಸಲವೂ ನಾನು "ವಿನಯದಿಂದ ಕೇಳಬೇಕು" ಎನ್ನುತ್ತಿದ್ದೆ, ಆಕೆ ಕೇಳುತ್ತಿದ್ದಳು. ಇತ್ತ ಹುನಗುಂದದ ಕಡೆಯಿಂದ ಗಿಡ ಬೀಳತೊಡಗಿದ್ದವು. ಬಸ್ಸಿನಲ್ಲಿ ಬರುತ್ತ ನೋಡಿದೆವು. ಎರಡೂ ಬದಿ ಬಿಳಿಯ ಬುಡಗಳು. ಅಕ್ಕ ಕಿಟಕಿಗೆ ಸೆರಗು ಅಡ್ಡ ಹಿಡಿದಳು, ಬಿಸಿಲು ನೇರ ಒಳಗೆ ಹೊಡೆಯುತ್ತಿತ್ತು. "ಕುಂತ್ರ ಬೈತಾರ. ಕೇಳಿದ್ರ ಕೇಳಸೂದಿಲ್ಲ" ಎಂದು ತನ್ನಷ್ಟಕ್ಕೆ ಅಂದಳು.

ಮುಂದಿನ ಸೋಮವಾರ ಆಕೆ ತಲೆ ಮೇಲೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲಿ, ಕೈಯಲ್ಲಿ ಬೇವಿನ ಕಡ್ಡಿ ಹಿಡಿದು ಖಾನಾವಳಿಯ ಮುಂದೆ ರಸ್ತೆಗೆ ಇಳಿದಳು. ಕೈ ಮುಗಿದು ಉದ್ದಕ್ಕೆ ಬಿದ್ದಳು. ಕೈ ಚಾಚಿದ ತುದಿಯಲ್ಲಿ ಕಡ್ಡಿಯಿಂದ ಗೆರೆ ಎಳೆದಳು, ಎದ್ದು ಆ ಗೆರೆಗೆ ಕಾಲು ಹಚ್ಚಿ ನಿಂತಳು, ಮತ್ತೆ ಬಿದ್ದಳು. ದೀಡ ನಮಸ್ಕಾರ. ಅಮೀನಗಡದಿಂದ ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿಯ ತನಕ. ಗಿಡ ಉಳಿದರೆ ಉಳಿದ ಕ್ಷಣಕ್ಕೇ ತಾಯಿ ಕೇಳಿದಳೆಂದು ಏಳುವುದು, ಇಲ್ಲವೆಂದರೆ ಆಕೆಯ ಬಾಗಿಲಿಗೇ ಹೋಗಿ ಬೀಳುವುದು ಎಂದು ಹರಕೆ.

ಅಡ್ಡ ಕೂತಾಗ ಕೂಗಾಡಿದ ಡ್ರೈವರುಗಳು ಅಡ್ಡ ಬಿದ್ದಾಗ ಇಂಜಿನ್ ಬಂದ್ ಮಾಡಿ ಇಳಿದರು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ನಮ್ಮ ಕಡೆ ದೀಡ ನಮಸ್ಕಾರ ಹಾಕುವವರನ್ನು ದಾಟಿ ಗಾಡಿ ಓಡಿಸುವ ಎದೆ ಯಾರಿಗೂ ಇಲ್ಲ. ಕೆಲವರು ಚಪ್ಪಲಿ ಬಿಟ್ಟು ಹಿಂದೆ ನಡೆದು ಬಂದರು. ಡಾಂಬರು ಕಾದು ಮೈ ಸುಡಬಾರದೆಂದು ಹೆಂಗಸರು ಆಕೆಯ ಮುಂದೆ ಕೊಡಗಟ್ಟಲೆ ನೀರು ಸುರಿದರು. ಒಲೆ ಹೂಡಿದಾಗ ನಿಂತದ್ದಕ್ಕಿಂತ ಹೆಚ್ಚಿನ ಗಾಡಿಗಳು ನಿಂತವು, ಸಾಲು ಊರ ಹೊರಗಿನ ಹಳ್ಳದ ಸೇತುವೆಯಾಚೆ ಹೋಯಿತು. ಕಡಿಯುವವರ ಲಾರಿಯೂ ಅದರಲ್ಲೇ ಸಿಕ್ಕಿಕೊಂಡಿತು. ಸಿಕ್ಕಿಕೊಂಡ ಆಳುಗಳು ಕೂಡ ಕೈ ಮುಗಿದರು.

ಎರಡನೆಯ ದಿನ ನೀರು ಸುರಿಯುವ ಹೆಂಗಸರಲ್ಲಿ ಗುಡೂರಿನಾಕೆ ಇದ್ದಳು, ಆ ಮದುಮಗಳ ತಾಯಿ. ಅಕ್ಕ ನೆಲದಿಂದ ಮುಖವೆತ್ತಿ ಗುರುತು ಹಿಡಿದಳು.

"ನನ್ನ ಮ್ಯಾಲ ಸಿಟ್ಟು ಹೋತೇನವ್ವಾ?"

"ನಿನಗೆಲ್ಲಿ ಹಾಕಾಕತ್ತೇನಿ ನೀರು? ಹರಕಿಗೆ ಹಾಕಾಕತ್ತೇನಿ. ಬೀಳು ಮುಂದ."

ಅಕ್ಕ ಮುಂದೆ ಬಿದ್ದಳು. ಆಕೆಯ ಮುಖದಲ್ಲಿ ನಗು ಇತ್ತು, ನಾನು ಕಂಡೆ.

ಮಧ್ಯಾಹ್ನ ಆಕೆ ಸ್ವಲ್ಪ ದಣಿವಾರಿಸಿಕೊಳ್ಳಲು ಕೂತಾಗ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ: "ಅಕ್ಕಾ, ಭಾರೀ ಹಿಕಮತ್ತು ಮಾಡಿದಿ. ಈ ಬುದ್ಧಿ ಮೊದಲ ಹೊಳದಿದ್ರ!"

ಆಕೆಯ ಮುಖ ಕೆಂಪಾಯಿತು. "ಹಿಕಮತ್ತು ಅಂತೀಯೇನೋ ಸಾವ್ಕಾರ? ನಾ ಖರೇನ ಬೇಡಿಕೊಂಡೇನಿ. ಗಾಡಿ ನಿಂತ್ರ ನಿಲ್ಲಲಿ, ಬಿಟ್ರ ಬಿಡಲಿ. ನಾ ಹೊಂಟಿದ್ದು ಆಕಿ ಕಡೆ."

ನಾನು ನಂಬಲಿಲ್ಲ. ವ್ಯಾಪಾರದಲ್ಲಿ ಪಳಗಿದವನಿಗೆ ಎದುರಿನವರದೆಲ್ಲ ವ್ಯಾಪಾರವಾಗಿಯೇ ಕಾಣುತ್ತದೆ. ಇದು ನನ್ನ ರೋಗ, ಇದರ ಬಗ್ಗೆ ಯಾರಿಗೂ ಸಲಹೆ ಕೊಡಲು ಬರುವುದಿಲ್ಲ.

ಅವತ್ತು ಸಂಜೆ ರಸ್ತೆಯ ಗುತ್ತೇದಾರ ನನ್ನನ್ನು ಕರೆಸಿದ. ಅವನಿಗೂ ಅಂಜಿಕೆ ಹುಟ್ಟಿತ್ತು. ದೇವರ ಹೆಸರಿನಲ್ಲಿ ಬಿದ್ದವಳನ್ನು ಪೊಲೀಸರು ಮುಟ್ಟುವುದಿಲ್ಲ, ಕೆಲಸ ನಿಂತರೆ ಅವನಿಗೆ ನಷ್ಟ. "ನೀ ಆಕಿಗೆ ಬೇಕಾದಾಂವ. ಏನರ ಮಾಡಿ ಎಬ್ಬಿಸು" ಎಂದ.

"ಗಿಡ ಬಿಡ್ರಿ, ಏಳತಾಳ."

"ಎಲ್ಲಾ ಬಿಟ್ರ ರಸ್ತಾ ಆಗೂದೆಲ್ಲಿ? ಬಸ್ ನಿಂದ್ರೂ ಕಡಿಂದ ಹಳ್ಳದ ತನಕ ಬಿಡತೇನಿ. ಆಚೆ ಕಡೆ ಮಾತು ತಗೀಬ್ಯಾಡ."

ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸುತ್ತಾರಲ್ಲ, ಮಾತಿಲ್ಲದೆ ಕೈಗಳೇ ಒಪ್ಪಿಬಿಡುತ್ತವೆ. ನನಗೆ ಹಾಗೆಯೇ ಆಯಿತು. ಸಿಕ್ಕಷ್ಟನ್ನು ಹಿಡಿದುಕೊಂಡು ಏಳಬೇಕೆಂದು ನನ್ನ ಬದುಕೆಲ್ಲ ಕಲಿಸಿತ್ತು. ಏನೂ ಸಿಗದ ಜಾಗದಲ್ಲಿ ಇಷ್ಟು ಸಿಕ್ಕಿತಲ್ಲ ಎಂದು ಖುಷಿಯಾಯಿತು. ಇದರಲ್ಲಿ ನನಗೆ ಲಾಭ ಇರಲಿಲ್ಲ, ಹಳ್ಳದಾಚೆ ನಾನು ಸವಾಲು ಹಿಡಿದ ಹುಣಸೆಯೇ ಹೋಗುವುದಿತ್ತು. ಲಾಭ ಇದ್ದಿದ್ದರೆ ನನ್ನ ಮೇಲೆ ನಾನೇ ಒಂದು ಕಣ್ಣಿಡುತ್ತಿದ್ದೆ. ಇಲ್ಲದ್ದಕ್ಕೆ ದೊಡ್ಡ ಮನುಷ್ಯ ಅನ್ನಿಸಿಕೊಂಡು ನಡೆದೆ.

ಮರುದಿನ ಮುಂಜಾನೆ ಹೋದೆ. ಅಕ್ಕ ಹಳ್ಳ ದಾಟಿ ಸಾಕಷ್ಟು ಮುಂದೆ ಹೋಗಿದ್ದಳು. ಮೊಣಕೈಯ ಚರ್ಮ ಸುಲಿದಿತ್ತು, ಒದ್ದೆ ಮಣ್ಣಿನಲ್ಲಿ ಮುಖದ ಗುರುತು ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದೆ:

"ಅಕ್ಕಾ, ಏಳು. ಗಿಡ ಬಿಟ್ರು."

"ಏನಂದಿ?"

"ಗಿಡ ಬಿಟ್ರು. ಗುತ್ತೇದಾರ ಒಪ್ಪಿಕೊಂಡ."

"ಖರೇನು?"

"ಖರೇ."

"ನನ್ನಾಣಿ?"

"ನಿನ್ನಾಣಿ."

ನಮ್ಮ ಮಾತಿನಲ್ಲಿ ಒಂದಿದ್ದರೂ ಗಿಡ, ಊರಗಲ ಇದ್ದರೂ ಗಿಡ. 'ಗಿಡ ಬಿಟ್ರು' ಎಂದರೆ ಕೆಲವನ್ನು ಬಿಟ್ಟರೋ ಎಲ್ಲವನ್ನೂ ಬಿಟ್ಟರೋ ಆ ಮಾತು ಹೇಳುವುದಿಲ್ಲ, ಕೇಳಿದವರು ತಮಗೆ ಬೇಕಾದ್ದನ್ನು ಕೇಳಿಕೊಳ್ಳುತ್ತಾರೆ. 'ಮಾಲು ಬಂತು' ಎಂದು ಎಷ್ಟೋ ಸಲ ಹೇಳಿ ವ್ಯಾಪಾರ ಕುದುರಿಸಿದವನು ನಾನು, ಎಷ್ಟು ಬಂತೆಂದು ಕೇಳುವುದು ಕೊಳ್ಳುವವನ ಕೆಲಸ. ಎಷ್ಟು ಎಂದು ಈ ಹೆಂಗಸು ಕೇಳುವುದಿಲ್ಲ ಎಂದು ನನಗೆ ಮೊದಲ ಊಟದ ದಿನದಿಂದ ಗೊತ್ತಿತ್ತು.

ಅಕ್ಕ ಬಾದಾಮಿಯ ದಿಕ್ಕಿಗೆ ಹಣೆ ನೆಲಕ್ಕೆ ಹಚ್ಚಿದಳು. "ತಾಯಿ ಕೇಳಿದ್ಲು!" ಎಂದು ದೊಡ್ಡ ದನಿಯಲ್ಲಿ ಕೂಗಿ ನನ್ನ ಭುಜ ಹಿಡಿದು ಎದ್ದಳು. ಕೂಡಿದ್ದ ಮಂದಿಯೂ ಕೂಗಿದರು. ಗಾಡಿಗಳು ಹೊರಟವು. ದಾರಿ ತೆರೆಸಿದ ಮನುಷ್ಯ ಎಂದು ಡ್ರೈವರುಗಳು ನನಗೆ ಕೈ ಎತ್ತಿ ಹೋದರು.

ಮುಂದಿನ ಸಂತೆ ಬರುವುದರೊಳಗೆ ಹಳ್ಳದಾಚೆಯ ಸಾಲು ನೆಲಕ್ಕೆ ಬಿತ್ತು. ಅಕ್ಕ ಬಿದ್ದು ಎದ್ದ ದಾರಿಯ ಗಿಡಗಳೇ ಅವು. ಉಳಿದವು ಯಾವುವೆಂದರೆ ಬಸ್ ನಿಲ್ಲುವ ಜಾಗದವು, ಎಂದರೆ ಅಕ್ಕನ ಖಾನಾವಳಿಯ ಮುಂದಿನವು. ಇದರ ಅರ್ಥ ಏನಾಗುತ್ತದೆಂದು ಇಷ್ಟು ಲೆಕ್ಕ ಬಲ್ಲ ನನಗೆ ಹೊಳೆದಿರಲಿಲ್ಲ. ಊರಿಗೆ ತಕ್ಷಣ ಹೊಳೆಯಿತು. ತನ್ನ ಅಂಗಳದ ನೆರಳಿಗೆ ತಾಯಿಯ ಹೆಸರು ಹೇಳಿ ಬಿದ್ದಳು, ತನ್ನಷ್ಟು ಸಿಕ್ಕಿತು, ಎದ್ದಳು ಎಂದರು. ಕೊಡ ಹೊತ್ತು ನೀರು ಹಾಕಿದವರಿಗೆ ಮೋಸ ಹೋದ ಹಾಗೆ ಆಯಿತು. ಗುಡೂರಿನಾಕೆ ಸಂತೆಯಲ್ಲಿ ನಿಂತು, ನನ್ನ ಮಗಳ ಅಕ್ಕಿಕಾಳು ಆಕೆಯ ಕಟ್ಟೆಯ ನೆರಳಿಗೆ ಹೋಯಿತು ಎಂದಳಂತೆ. ಒಲೆ ಹೂಡಿದಾಗ ಜನ ಆಕೆಯನ್ನು ಹುಚ್ಚಿ ಎಂದಿದ್ದರು, ಸುಳ್ಳಿ ಎಂದಿರಲಿಲ್ಲ.

ಅಕ್ಕ ಹುನಗುಂದಕ್ಕೆ ನನ್ನ ಗೋದಾಮಿಗೇ ಬಂದಳು. ಹುಣಸೆಯ ಚೀಲಗಳ ನಡುವೆ ನಿಂತಳು, ಕೂಡಲಿಲ್ಲ.

"ತಮ್ಮಾ, ಗಿಡ ಬಿಟ್ರು ಅಂದಿ."

"ಬಿಟ್ಟಾರಲ್ಲ ಅಕ್ಕಾ. ಹಳ್ಳದ ತನಕ ಒಂದಕ್ಕೂ ಕೈ ಹಚ್ಚಿಲ್ಲ."

"ಹಳ್ಳದ ತನಕ."

"ಎಲ್ಲಾ ಅಂತ ನಾ ಅಂದಿಲ್ಲ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಉತ್ತರ ಸಿದ್ಧ ಇತ್ತು: ನನ್ನಿಂದ ಇಷ್ಟಾದರೂ ಉಳಿಯಿತು, ಇಲ್ಲವಾದರೆ ಎಲ್ಲವೂ ಹೋಗುತ್ತಿತ್ತು. ಅದು ಸುಳ್ಳೂ ಅಲ್ಲ.

"ಹೌದು, ನೀ ಅಂದಿಲ್ಲ" ಎಂದಳು. "ಎಷ್ಟು ಅಂತ ನಾನೂ ಕೇಳಲಿಲ್ಲ. ಎಣಿಸೋ ರೂಢಿ ಇಲ್ಲ ನೋಡು ನನಗ."

"ಮತ್ತ ಶುರು ಮಾಡು ಅಕ್ಕಾ. ಈ ಸಲ ನಾನೂ ಬರತೇನಿ."

"ಯಾವ ಬಾಯಿಲೆ? ತಾಯಿ ಕೇಳಿದ್ಲು ಅಂತ ಮಂದಿ ಮುಂದ ಒದರಿ ಎದ್ದಾಕಿ ನಾ. ಈಗ ಮತ್ತ ಬಿದ್ರ ಕೇಳಲಿಲ್ಲ ಅಂತ ಆಕಿಗೆ ಹೆಸರಿಟ್ಟಂಗ ಆಗತೈತಿ. ಗಿಡ ಹೋಗೂದಿತ್ತು, ಹೋದ್ವು. ಆಕಿ ಬಾಗಲಕ್ಕ ಹೋಗಿ ಬಿದ್ದೆ ಅನ್ನೂದಾದ್ರೂ ನನಗ ಉಳೀತಿತ್ತು. ಅದನ್ನೂ ನೀ ಹಳ್ಳದ ಹಂತೇಲೆ ಮುಗಿಸಿದಿ."

ಇಷ್ಟು ಹೇಳಿ, ಸಾರಿಗೆ ಹಣ್ಣು ಬೇಕೆಂದು ತೂಗಿಸಿಕೊಂಡು, ಎಂದಿನಂತೆ ತಕ್ಕಡಿ ನೋಡದೆ ಹೋದಳು. ನನ್ನ ಮುಖವನ್ನೂ ನೋಡಲಿಲ್ಲ.

ಆ ತಿಂಗಳಲ್ಲೇ ಖಾನಾವಳಿಯನ್ನು ಎತ್ತಿದಳು. ನೆರಳಿನ ಜಾಗವನ್ನು ಬಿಟ್ಟು, ಹಳ್ಳ ದಾಟಿ, ಎಲ್ಲಿ ನನ್ನ ಭುಜ ಹಿಡಿದು ಎದ್ದಿದ್ದಳೋ ಅಲ್ಲಿ ರಸ್ತೆಯ ಬದಿಗೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ ಒಲೆ ಹೂಡಿದಳು. ಸುತ್ತ ಒಂದು ಹಸಿರು ಎಲೆ ಇಲ್ಲ. ಮೇಲೆ ತಗಡು, ಕೆಳಗೆ ಒಲೆ, ಮುಂದೆ ಡಾಂಬರು. ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಲಾರಿಯವರು ಕೆಲವರು ನಿಲ್ಲಿಸುತ್ತಿದ್ದರು, ಹಳೆಯ ಗಿರಾಕಿಗಳು ಕೆಲವರು ಬಿಸಿಲಲ್ಲಿ ನಡೆದು ಬರುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಬೆವರು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದೆ.

"ಅಕ್ಕಾ, ಇದು ಹಟ. ನೆರಳಿಗೆ ತಿರುಗಿ ಬಾ. ಧಂದೆ ಹಾಳಾಗತೈತಿ."

"ಆ ನೆರಳು ನೀ ಕೊಡಿಸಿದ್ದು. ನೀ ಹೋಗಿ ಕೂಡು."

ನಗುತ್ತಲೇ ಹೇಳುತ್ತಿದ್ದಳು, ಹೇಳುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಸಾಕು ಎಂದರೂ ಹಾಕುತ್ತಿದ್ದಳು. ಆ ರೊಟ್ಟಿ ನುಂಗುವುದು ಬಹಳ ಕಷ್ಟ.

ಹೋದ ಬೇಸಿಗೆಯಲ್ಲಿ ಇಳಕಲ್ಲಿನ ಪರಿಚಯದ ನೇಕಾರನೊಬ್ಬ ನನ್ನ ಸಲಹೆ ಕೇಳಲು ಬಂದ. ಅವರ ಓಣಿಯ ಹತ್ತಿರ ಕಲ್ಲು ಒಡೆಯುವ ಧೂಳು ಎದ್ದು, ಹೊರಗೆ ಹಾಸಿನ ನೂಲು ಉದ್ದಕ್ಕೆ ಎಳೆದು ಹಿಡಿದರೆ ರೇಷ್ಮೆಯ ಎಳೆಯ ಮೇಲೆ ಕೂಡುತ್ತದಂತೆ. ಕಲ್ಲಿನ ಲಾರಿಗಳನ್ನು ತಡೆಯಬೇಕೆಂದು ಅರ್ಧ ಜನ, ತಡೆದರೆ ಊರು ನಮ್ಮ ಮೇಲೆಯೇ ತಿರುಗಿ ಬೀಳುತ್ತದೆಂದು ಇನ್ನರ್ಧ. "ನೀವು ರಸ್ತಾ ಬಿಡಿಸಿದವ್ರು, ನಿಮಗ ಗೊತ್ತಿರತೈತಿ" ಎಂದ. ಅಕ್ಕನ ಹತ್ತಿರ ಕರೆದುಕೊಂಡು ಹೋದೆ.

ಆಕೆ ಅವನ ಮುಂದೆ ತಾಟು ಇಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. "ಲಾರಿ ನಿಲ್ಲಿಸಿದ್ರ ಡ್ರೈವರಗ ಊಟ ಯಾರು ಹಾಕ್ತೀರಿ?"

ನೇಕಾರ ತಬ್ಬಿಬ್ಬಾದ. "ಅದನ್ನ ವಿಚಾರ ಮಾಡಿಲ್ಲ ಅಕ್ಕಾರ."

"ಮೊದಲ ಅದನ್ನ ಮಾಡ್ರಿ. ಹಿಂದಿನ ಗಾಡ್ಯಾಗ ಯಾರ ಅದಾರ ಅಂತ ನೋಡಾಕ ಒಬ್ಬಾಂವನ್ನ ಇಡ್ರಿ. ನಾ ಇಟ್ಟಿರಲಿಲ್ಲ."

"ಅಂದ್ರ ತಡೀಬೇಕು ಅಂತೀರೇನ್ರಿ?"

"ತಡದ್ರ ಒಬ್ಬರಿಗೆ ಕೇಡು ಆಗೇ ಆಗತೈತಿ. ತಡೀದಿದ್ರೂ ಆಗತೈತಿ. ಯಾವ ಕೇಡು ನಿಮ್ಮ ಕೈಲೆ ಹೊರಾಕ ಆಗತೈತಿ ನೋಡ್ಕೊರ್ರಿ." ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ನನ್ನ ಕಡೆ ತಿರುಗದೆ ಅಂದಳು: "ಕುಂತ ಮ್ಯಾಲ ಏಳು ಅನ್ನಾಕ ಯಾರರ ಬಂದ್ರ, ಎಷ್ಟು ಅಂತ ಕೇಳ್ರಿ."

ನೇಕಾರ ನನ್ನ ಮುಖ ನೋಡಿದ. ನಾನು ನೀರಿನ ತಂಬಿಗೆ ಎತ್ತಿದೆ.

ಮಳೆ ಶುರುವಾಗುವ ಮೊದಲು ಆಕೆಗೆ ಜ್ವರ ಬಂತು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆಂದೆ, ಒಲ್ಲೆ ಎಂದಳು. ವರ್ಷಗಟ್ಟಲೆ ತಗಡಿನ ಕೆಳಗಿನ ಝಳ ತಿಂದ ಮೈ, ಡಾಕ್ಟರರು ಬೇರೆ ಹೆಸರು ಹೇಳಿಯಾರು, ನಾನು ಇದನ್ನೇ ಹೇಳುತ್ತೇನೆ. ಕೊನೆಯ ಸಲ ನೋಡಲು ಹೋದಾಗ "ಉಂಡೇನು ತಮ್ಮಾ?" ಎಂದು ಕೇಳಿದಳು. ಉಂಡಿದ್ದೇನೆಂದು ಸುಳ್ಳು ಹೇಳಿದೆ. ಅದಕ್ಕೂ ಎಷ್ಟು ಎಂದು ಕೇಳಲಿಲ್ಲ.

ಮಣ್ಣು ಕೊಟ್ಟು ಬಂದ ಮರುದಿನ ಮಧ್ಯಾಹ್ನ ಒಬ್ಬನೇ ಹಳ್ಳ ದಾಟಿ ಹೋದೆ. ತಗಡಿನ ಕೆಳಗೆ ಒಲೆ ಆರಿತ್ತು. ಅಲ್ಲಿಂದ ಮುಂದೆ ಆಕೆ ಬೀಳಬೇಕಾಗಿದ್ದ ದಾರಿ ಬಿಸಿಲಲ್ಲಿ ಬಿದ್ದುಕೊಂಡಿತ್ತು, ಅಗಲವಾಗಿ, ನುಣ್ಣಗೆ. ಆ ಬಾಕಿಯನ್ನು ಯಾರಾದರೂ ಮುಗಿಸಬೇಕಲ್ಲ ಅನ್ನಿಸಿತು. ಚಪ್ಪಲಿ ಬಿಟ್ಟೆ, ಟೊಪ್ಪಿಗೆ ತೆಗೆದಿಟ್ಟೆ. ಆ ಕಡೆ ಈ ಕಡೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ರಸ್ತೆಗೆ ಇಳಿದು ಉದ್ದಕ್ಕೆ ಬಿದ್ದೆ. ಡಾಂಬರು ಹಂಚಿನ ಹಾಗೆ ಕಾದಿತ್ತು, ನೀರು ಹಾಕುವವರು ಇರಲಿಲ್ಲ. ಕೈ ಚಾಚಿ ಗೆರೆ ಎಳೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಲಾರಿಯ ಹಾರ್ನ್.

"ಏ ಯಜಮಾನಾ, ಸಾಯಾಕ ಬ್ಯಾರೆ ಲಾರಿ ನೋಡ್ಕೋ!"

ಧಡಪಡಿಸಿ ಬದಿಗೆ ಸರಿದೆ. ಲಾರಿ ಹೋಯಿತು, ಧೂಳು ಇಳಿಯಿತು, ರಸ್ತೆ ಎರಡೂ ಕಡೆ ಖಾಲಿಯಾಗಿತ್ತು. ನಾನು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದೆ. ನನ್ನನ್ನು ಎಬ್ಬಿಸಲು ಯಾರೂ ಬಂದು ಮಗ್ಗುಲಲ್ಲಿ ಕೂತು ಮಾತು ಹೇಳಬೇಕಾಗಲಿಲ್ಲ, ನಾನೇ ಎದ್ದಿದ್ದೆ.